ಮೈಮೇಲಿನ ಮಚ್ಚೆ: ಯಾವುದು ಸಹಜ, ಯಾವುದಕ್ಕೆ ಬೇಕು ಎಚ್ಚರ?

ಅಪರಿಚಿತ ಶವ ಪತ್ತೆಯಾದಾಗ ಪೊಲೀಸರು ಪತ್ರಿಕೆಗಳಿಗೆ ನೀಡುವ ಪ್ರಕಟಣೆಯಲ್ಲಿ ಎತ್ತರ, ಮೈಬಣ್ಣ, ಧರಿಸಿದ್ದ ಉಡುಪುಗಳ ವಿವರದ ಬಳಿಕ ಸಾಮಾನ್ಯವಾಗಿ ಮತ್ತೊಂದು ಸಾಲು ಇರುತ್ತದೆ. ಬಲಗೆನ್ನೆಯಲ್ಲಿ ಕಪ್ಪು ಮಚ್ಚೆ, ಎಡ ಮುಂಗೈಯಲ್ಲಿ ಹಳೆಯ ಗಾಯದ ಕಲೆ ಎಂಬಂಥ ಆ ಒಂದು ಸಾಲಿನಿಂದಲೇ ಎಷ್ಟೋ ವೇಳೆ ಬಂಧುಗಳಿಗೆ ಗುರುತು ಸಿಗುತ್ತದೆ. ವಾಹನ ಚಾಲನಾ ಪರವಾನಗಿಯ ಅರ್ಜಿಯಲ್ಲೂ ಗುರುತಿನ ಚಿಹ್ನೆಗೆಂದು ಜಾಗ ಬಿಡುವ ಪದ್ಧತಿ ಬಹುಕಾಲದಿಂದ ಬಂದಿದೆ. ಅರ್ಜಿ ತುಂಬುವವರು ಮುಖ, ಕತ್ತು, ಕೈಗಳಲ್ಲಿ ಹುಡುಕಿ ಒಂದು ಮಚ್ಚೆಯನ್ನು ಬರೆದು ಮುಗಿಸುತ್ತಾರೆ. ಅಂಗಾಲಿನ ಮಚ್ಚೆಯನ್ನು ಯಾರೂ ಬರೆಯುವುದಿಲ್ಲ. ಅನೇಕರಿಗೆ ಅದು ಇರುವುದೇ ತಿಳಿದಿರುವುದಿಲ್ಲ. ವೈದ್ಯಶಾಸ್ತ್ರದ ದೃಷ್ಟಿಯಿಂದ ಭಾರತೀಯರು ಹೆಚ್ಚು ಗಮನಿಸಬೇಕಾದದ್ದು ಆ ಮಚ್ಚೆಯನ್ನೇ.

ಮಚ್ಚೆಯನ್ನು ಗುರುತಿನ ಸಾಧನವಾಗಿ ಕ್ರಮಬದ್ಧವಾಗಿ ಬಳಸಿದವರಲ್ಲಿ ಪ್ಯಾರಿಸ್ ಪೊಲೀಸ್ ಇಲಾಖೆಯ ಆಲ್ಫೋನ್ಸ್ ಬರ್ಟಿಲಾನ್ ಪ್ರಮುಖ. 1880ರ ದಶಕದಲ್ಲಿ ಆತ ರೂಪಿಸಿದ ವಿಧಾನದಲ್ಲಿ ಅಪರಾಧಿಯ ದೇಹದ ಅಳತೆಗಳ ಜೊತೆಗೆ ಮಚ್ಚೆ, ಗಾಯದ ಕಲೆ, ಹಚ್ಚೆಗಳನ್ನೂ ದಾಖಲಿಸಲಾಗುತ್ತಿತ್ತು. ಭಾರತದಲ್ಲಿಯೂ ಕೆಲಕಾಲ ಈ ಅಳತೆಯ ಕ್ರಮ ಜಾರಿಯಲ್ಲಿತ್ತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗ ಆರಂಭವಾದ ಮೇಲೆ ಅಳತೆಗಳು ಮೂಲೆಗೆ ಸರಿದವು. ಮಚ್ಚೆ ಮಾತ್ರ ಸರ್ಕಾರಿ ನಮೂನೆಗಳಲ್ಲಿ ಉಳಿದುಕೊಂಡಿತು. ವಿಚಿತ್ರವೆಂದರೆ, ಬೆರಳಚ್ಚಿನಂತೆ ಮಚ್ಚೆ ಜೀವನಪರ್ಯಂತ ಸ್ಥಿರವಾಗಿ ಇರುವಂಥದ್ದಲ್ಲ. ಅದು ಹುಟ್ಟುತ್ತದೆ, ಬೆಳೆಯುತ್ತದೆ, ಮುಪ್ಪಿನಲ್ಲಿ ಮಾಸಿಹೋಗುವುದೂ ಉಂಟು.

ಎಳ್ಳು, ಉದ್ದು ಮತ್ತು ಬಯಕೆ

ಮಚ್ಚೆಗಳನ್ನು ವಿಂಗಡಿಸುವ ಪ್ರಯತ್ನ ನಮ್ಮಲ್ಲಿ ಬಹು ಹಳೆಯದು. ಸುಶ್ರುತ ಸಂಹಿತೆಯು ಸಣ್ಣಪುಟ್ಟ ವ್ಯಾಧಿಗಳನ್ನು ಕ್ಷುದ್ರರೋಗಗಳೆಂಬ ಹೆಸರಿನಲ್ಲಿ ವಿವರಿಸುವಾಗ ಚರ್ಮದ ಮಟ್ಟಕ್ಕೆ ಸಮನಾಗಿದ್ದು ಎಳ್ಳಿನಂತೆ ಕಪ್ಪಗಿರುವ, ನೋವಿಲ್ಲದ ಚುಕ್ಕೆಯನ್ನು ತಿಲಕಾಲಕ ಎಂದು ಕರೆದಿದೆ. ಉದ್ದಿನ ಕಾಳಿನಂತೆ ಉಬ್ಬಿ ನಿಂತಿರುವುದು ಮಶಕ. ಹುಟ್ಟಿನಿಂದಲೇ ಬಂದಿರುವ, ತುಸು ಉಬ್ಬಿದ ನುಣುಪಾದ ಗುರುತು ಜತುಮಣಿ. ಚಪ್ಪಟೆಯಾದುದು, ಉಬ್ಬಿದುದು, ಹುಟ್ಟಿನಿಂದ ಬಂದುದು ಎಂಬ ಈ ಮೂರು ಭೇದಗಳನ್ನು ಇಂದಿನ ಚರ್ಮರೋಗ ತಜ್ಞರೂ ಮೊದಲ ನೋಟದಲ್ಲಿ ಪರಿಶೀಲಿಸುತ್ತಾರೆ ಎಂಬುದು ಗಮನಾರ್ಹ.

ಜನಸಾಮಾನ್ಯರ ಆಸಕ್ತಿ ಇರುವುದು ಬೇರೆಡೆ. ಯಾವ ಅಂಗದಲ್ಲಿ ಮಚ್ಚೆ ಇದ್ದರೆ ಯಾವ ಫಲ ಎಂದು ಹೇಳುವ ಕಿರುಪುಸ್ತಕಗಳಿಗೆ ಬಸ್ ನಿಲ್ದಾಣದ ಅಂಗಡಿಗಳಲ್ಲಿ ಎಂದೂ ಬೇಡಿಕೆ ತಗ್ಗಿದ್ದಿಲ್ಲ. ನಾಲಗೆಯಲ್ಲಿ ಮಚ್ಚೆ ಇದ್ದವರು ಆಡಿದ್ದು ನಿಜವಾಗುತ್ತದೆ ಎಂಬ ಮಾತನ್ನು ಕೇಳದ ಮನೆ ವಿರಳ. ಹಸುಗೂಸಿನ ಕೆನ್ನೆಗೆ ಕಾಡಿಗೆಯಿಂದ ದೃಷ್ಟಿಬೊಟ್ಟು ಇಡುವುದೂ ಒಂದರ್ಥದಲ್ಲಿ ಕೃತಕ ಮಚ್ಚೆಯನ್ನು ಮೂಡಿಸುವ ಕ್ರಿಯೆಯೇ. ಇವುಗಳಿಂದ ಯಾರಿಗೂ ಹಾನಿಯಿಲ್ಲ.

ಹಾನಿ ಆಗುವುದು ಹುಟ್ಟುಮಚ್ಚೆಯ ಹೊಣೆಯನ್ನು ತಾಯಿಯ ತಲೆಗೆ ಕಟ್ಟಿದಾಗ. ಗ್ರಹಣ ಕಾಲದಲ್ಲಿ ಗರ್ಭಿಣಿ ಹೊರಬಂದಳು, ಬಸುರಿಯ ಬಯಕೆ ತೀರಲಿಲ್ಲ, ಆದ್ದರಿಂದ ಮಗುವಿನ ಮೈಮೇಲೆ ಕಲೆ ಬಂತು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಇದು ನಮ್ಮ ನಾಡಿಗಷ್ಟೇ ಸೀಮಿತವಾದ ನಂಬಿಕೆಯೂ ಅಲ್ಲ. ಇಟಲಿಯ ಭಾಷೆಯಲ್ಲಿ ‘ವೋಲ್ಯ’, ಸ್ಪೇನ್‌ನ ಭಾಷೆಯಲ್ಲಿ ‘ಆಂತೋಹೋ’ ಎಂಬ ಶಬ್ದಗಳಿಗೆ ಬಯಕೆ ಮತ್ತು ಹುಟ್ಟುಮಚ್ಚೆ ಎಂಬ ಎರಡೂ ಅರ್ಥಗಳಿವೆ. ಬಸುರಿಯು ಸ್ಟ್ರಾಬೆರಿ ಹಣ್ಣಿಗೆ ಆಸೆಪಟ್ಟರೆ ಕೂಸಿನ ಮೈಮೇಲೆ ಅದೇ ಬಣ್ಣದ ಗುರುತು ಮೂಡುತ್ತದೆ ಎಂದು ಯುರೋಪಿನಲ್ಲಿಯೂ ನಂಬಲಾಗಿತ್ತು. ಗ್ರಹಣಕ್ಕಾಗಲೀ, ಬಯಕೆಗಾಗಲೀ, ತಾಯಿಯ ನಡೆನುಡಿಗಾಗಲೀ ಹುಟ್ಟುಮಚ್ಚೆಯೊಡನೆ ಯಾವ ಸಂಬಂಧವೂ ಇಲ್ಲ. ಹಲವು ಬಗೆಯ ಹುಟ್ಟುಮಚ್ಚೆಗಳಿಗೆ ಭ್ರೂಣ ಬೆಳೆಯುವ ಹಂತದಲ್ಲಿ ಯಾವುದೋ ಒಂದು ಜೀವಕೋಶದ ವಂಶವಾಹಿಯಲ್ಲಿ ಆಕಸ್ಮಿಕವಾಗಿ ಉಂಟಾದ ಬದಲಾವಣೆಯೇ ಕಾರಣ ಎಂಬುದು ಈಗ ಖಚಿತವಾಗಿದೆ.

ಮಚ್ಚೆ ಎಂದರೇನು?

ಚರ್ಮದ ಹೊರಪದರದ ತಳದಲ್ಲಿ ಮೆಲನೊಸೈಟ್ ಎಂಬ ಜೀವಕೋಶಗಳಿವೆ. ಮೈಗೆ ಬಣ್ಣ ಕೊಡುವ ಮೆಲನಿನ್ ವರ್ಣದ್ರವ್ಯ ತಯಾರಾಗುವುದು ಇವುಗಳಲ್ಲಿ. ಬಿಳಿಯರಲ್ಲಾಗಲೀ ಕಪ್ಪು ವರ್ಣದವರಲ್ಲಾಗಲೀ ಈ ಕೋಶಗಳ ಸಂಖ್ಯೆ ಬಹುತೇಕ ಒಂದೇ. ಅವು ತಯಾರಿಸುವ ಮೆಲನಿನ್ನಿನ ಪ್ರಮಾಣ ಮತ್ತು ಬಗೆಯಲ್ಲಿ ವ್ಯತ್ಯಾಸವಿದೆ. ಸಾಮಾನ್ಯವಾಗಿ ಬಿಡಿಬಿಡಿಯಾಗಿ ಹರಡಿರುವ ಈ ಕೋಶಗಳು ಒಂದೆಡೆ ಗುಂಪುಗೂಡಿದಾಗ ಮಚ್ಚೆ ಎನಿಸಿಕೊಳ್ಳುತ್ತದೆ. ಬಾಲ್ಯದಲ್ಲಿ ಕಾಣಿಸಿಕೊಳ್ಳತೊಡಗುವ ಮಚ್ಚೆಗಳ ಸಂಖ್ಯೆ ಯೌವನದವರೆಗೂ ಹೆಚ್ಚುತ್ತ ಹೋಗಿ ನಂತರ ನಿಲ್ಲುತ್ತದೆ. ಬಿಳಿ ಚರ್ಮದ ವಯಸ್ಕರಲ್ಲಿ 10ರಿಂದ 40 ಮಚ್ಚೆಗಳು ಇರುವುದು ಸಾಮಾನ್ಯ. ಕಂದು ಹಾಗೂ ಕಪ್ಪು ಚರ್ಮದವರಲ್ಲಿ ಸಂಖ್ಯೆ ಕಡಿಮೆ. ಗರ್ಭಾವಸ್ಥೆ ಮತ್ತು ಹದಿಹರೆಯದಲ್ಲಿ ಮಚ್ಚೆಗಳು ತುಸು ಕಪ್ಪಾಗುವುದುಂಟು.

ಸುಮಾರು 40 ದಾಟಿದ ಮೇಲೆ ಕೆನ್ನೆ, ಕಣ್ಣಿನ ಸುತ್ತ, ಕತ್ತಿನ ಮೇಲೆ ಸಾಸಿವೆ ಕಾಳಿನ ಗಾತ್ರದ ಕಪ್ಪು ಗುಳ್ಳೆಗಳು ಹಲವರಲ್ಲಿ ಏಳುತ್ತವೆ. ಇವನ್ನೂ ಮಚ್ಚೆ ಎಂದೇ ಕರೆಯುವುದು ರೂಢಿಯಾದರೂ ಇವು ಮಚ್ಚೆಗಳಲ್ಲ. ಚರ್ಮದ ಮೇಲ್ಪದರದ ನಿರಪಾಯಕಾರಿ ಬೆಳವಣಿಗೆ. ಒಂದೇ ಕುಟುಂಬದ ಹಲವರಲ್ಲಿ ಕಂಡುಬರುತ್ತವೆ. ವೈರಾಣುವಿನಿಂದ ಬರುವ ನರಹುಲಿಯೂ ಬೇರೆ, ಮೆಲನೊಸೈಟ್‌ಗಳೇ ನಾಶವಾಗುವ ತೊನ್ನೂ ಬೇರೆ.

ಹಸುಗೂಸಿನ ಬೆನ್ನಿನ ನೀಲಿ

ಭಾರತೀಯ ಶಿಶುಗಳಲ್ಲಿ ಅತ್ಯಂತ ಸಾಮಾನ್ಯವಾದ ಹುಟ್ಟುಮಚ್ಚೆ ಎಂದರೆ ಸೊಂಟದ ಕೆಳಗೆ, ಪೃಷ್ಠದ ಮೇಲೆ ಕಾಣುವ ನೀಲಿ ಅಥವಾ ಬೂದು ಬಣ್ಣದ ಚಪ್ಪಟೆ ಕಲೆ. ಜಪಾನಿನಲ್ಲಿ ನೆಲೆಸಿದ್ದ ಜರ್ಮನ್ ವೈದ್ಯ ಎರ್ವಿನ್ ಬೆಲ್ಜ್ 1885ರಲ್ಲಿ ಇದಕ್ಕೆ ‘ಮಂಗೋಲಿಯನ್ ಕಲೆ’ ಎಂದು ಹೆಸರಿಟ್ಟ. ಜನಾಂಗವನ್ನು ಸೂಚಿಸುವ ಆ ಹೆಸರನ್ನು ಇತ್ತೀಚಿನ ಗ್ರಂಥಗಳು ಕೈಬಿಡುತ್ತಿವೆ. ಭ್ರೂಣಾವಸ್ಥೆಯಲ್ಲಿ ಚರ್ಮದ ಮೇಲ್ಪದರದತ್ತ ಸಾಗಬೇಕಿದ್ದ ಮೆಲನೊಸೈಟ್‌ಗಳು ಒಳಪದರದಲ್ಲೇ ಉಳಿದುಬಿಟ್ಟಾಗ ಈ ಕಲೆ ಉಂಟಾಗುತ್ತದೆ. ವರ್ಣದ್ರವ್ಯ ಕಪ್ಪಗಿದ್ದರೂ ಆಳದಿಂದ ಚದುರಿ ಬರುವ ಬೆಳಕಿನಿಂದಾಗಿ ಹೊರಗೆ ನೀಲಿಯಾಗಿ ತೋರುತ್ತದೆ. ಬಹುಪಾಲು ಮಕ್ಕಳಲ್ಲಿ ಶಾಲೆಗೆ ಸೇರುವ ವಯಸ್ಸಿನ ಹೊತ್ತಿಗೆ ಇದು ತಾನಾಗಿಯೇ ಮಾಯವಾಗುತ್ತದೆ. ಚಿಕಿತ್ಸೆ ಬೇಕಿಲ್ಲ. ಮೈಯ ಬಹುಭಾಗಕ್ಕೆ ಹರಡಿದ್ದರೆ ಅಥವಾ ಬೆಳವಣಿಗೆ ಕುಂಠಿತವಾಗಿದ್ದರೆ ಮಾತ್ರ ಮಕ್ಕಳ ತಜ್ಞರು ಅಪರೂಪದ ಕೆಲವು ಚಯಾಪಚಯ ರೋಗಗಳಿಗಾಗಿ ತಪಾಸಣೆ ನಡೆಸುತ್ತಾರೆ.

ನಮ್ಮಲ್ಲಿ ಅಜ್ಜಿಯರಿಗೆ ಪರಿಚಿತವಾದ ಈ ಕಲೆ ಪಾಶ್ಚಾತ್ಯ ದೇಶಗಳಲ್ಲಿ ಬೇರೆಯೇ ಸಮಸ್ಯೆ ತಂದೊಡ್ಡಬಲ್ಲದು. ಬಿಳಿಯ ಶಿಶುಗಳಲ್ಲಿ ಇದು ಅಪರೂಪವಾದ್ದರಿಂದ ಶಿಶುವಿಹಾರದ ಸಿಬ್ಬಂದಿ ಇದನ್ನು ಹೊಡೆತದ ಗುರುತೆಂದು ತಪ್ಪು ತಿಳಿಯುವ ಸಾಧ್ಯತೆ ಇದೆ. ಅಮೆರಿಕ, ಬ್ರಿಟನ್‌ಗಳಲ್ಲಿ ನೆಲೆಸಿರುವ ಕನ್ನಡಿಗ ದಂಪತಿಗಳು ಮಗು ಹುಟ್ಟಿದಾಗಲೇ ಈ ಕಲೆಯನ್ನು ವೈದ್ಯಕೀಯ ದಾಖಲೆಯಲ್ಲಿ ಬರೆಸಿಡುವುದು ಒಳಿತು. ಬಾಸುಂಡೆ ಕೆಲವೇ ದಿನಗಳಲ್ಲಿ ಬಣ್ಣ ಬದಲಿಸಿ ಅಳಿಯುತ್ತದೆ. ಈ ಕಲೆ ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ.

ಕಣ್ಣಿನ ಸುತ್ತ, ಹಣೆ, ಕೆನ್ನೆಗಳ ಒಂದು ಪಾರ್ಶ್ವದಲ್ಲಿ ಮೂಡುವ ನೀಲಿಬೂದು ಕಲೆಯದು ಇದೇ ಕುಲ. ಜಪಾನಿನ ವೈದ್ಯ ಮಸಾವೊ ಓಟ 1939ರಲ್ಲಿ ವಿವರಿಸಿದ್ದರಿಂದ ಓಟ ಮಚ್ಚೆ ಎಂದೇ ಹೆಸರು. ಏಷ್ಯಾದವರಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ ಹೆಚ್ಚು. ಇದು ತಾನಾಗಿ ಅಳಿಯದು. ಕಣ್ಣಿನ ಬಿಳಿಭಾಗವೂ ನೀಲಿಗಟ್ಟಿದ್ದರೆ ಗ್ಲಾಕೋಮಾ ಬರುವ ಸಾಧ್ಯತೆ ಇರುವುದರಿಂದ ವರ್ಷಕ್ಕೊಮ್ಮೆ ನೇತ್ರ ತಪಾಸಣೆ ಅಗತ್ಯ.

ಕೆಂಪು ಗುರುತುಗಳ ಕಥೆ

ರಕ್ತನಾಳಗಳಿಂದಾಗುವ ಕೆಂಪು ಮಚ್ಚೆಗಳದು ಮತ್ತೊಂದು ವರ್ಗ. ಇವುಗಳಲ್ಲಿ ಮುಖ್ಯವಾದವು ಎರಡು; ನೋಡಲು ಒಂದೇ ರೀತಿ ಕಂಡರೂ ಇವುಗಳ ನಡವಳಿಕೆ ಪೂರ್ಣ ವಿರುದ್ಧ.

ಹೆಮಾಂಜಿಯೋಮಾ ಎಂಬುದು ಹುಟ್ಟಿದಾಗ ಕಾಣದೆಯೂ ಇರಬಹುದು. ಮೊದಲ ಕೆಲವು ವಾರಗಳಲ್ಲಿ ಚುಕ್ಕೆಯಾಗಿ ಮೂಡಿ, ಮೊದಲ ಐದು ತಿಂಗಳಲ್ಲಿ ಭರದಿಂದ ಬೆಳೆದು ಹಣ್ಣಿನಂತೆ ಉಬ್ಬುತ್ತದೆ. ಅನಂತರ ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಕುಗ್ಗುತ್ತದೆ. ಸುಮಾರು ಶೇ 4ರಿಂದ 5ರಷ್ಟು ಶಿಶುಗಳಲ್ಲಿ ಕಂಡುಬರುವ ಇದು ಹೆಣ್ಣುಮಕ್ಕಳಲ್ಲಿ ಮತ್ತು ಅವಧಿಗೆ ಮುನ್ನ ಹುಟ್ಟಿದವರಲ್ಲಿ ಹೆಚ್ಚು. ಬೆನ್ನಿನ ಮೇಲೋ ತೊಡೆಯ ಮೇಲೋ ಇದ್ದರೆ ಕಾದು ನೋಡಬಹುದು. ಆದರೆ ಕಣ್ಣಿನ ರೆಪ್ಪೆ, ಮೂಗಿನ ತುದಿ, ತುಟಿ, ಗದ್ದದ ಭಾಗಗಳಲ್ಲಿದ್ದರೆ, ಹುಣ್ಣಾಗಿ ರಕ್ತ ಸೋರಿದರೆ, ಅಥವಾ ಐದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿದ್ದರೆ ಕೂಡಲೇ ವೈದ್ಯರ ಬಳಿ ಒಯ್ಯಬೇಕು. ರೆಪ್ಪೆಯ ಮೇಲಿನ ಗಡ್ಡೆ ಬೆಳೆಯುತ್ತಿರುವ ಕಣ್ಣಿಗೆ ಬೆಳಕು ತಡೆದು ದೃಷ್ಟಿಯನ್ನೇ ಶಾಶ್ವತವಾಗಿ ಮಂದಗೊಳಿಸಬಲ್ಲದು.

ಇದಕ್ಕೆ ದೊರೆತ ಔಷಧದ ಹಿನ್ನೆಲೆ ಸ್ವಾರಸ್ಯಕರ. ಫ್ರಾನ್ಸ್‌ನ ಬೋರ್ಡೋ ನಗರದ ಆಸ್ಪತ್ರೆಯಲ್ಲಿ ಮೂಗಿನ ಮೇಲೆ ಹೆಮಾಂಜಿಯೋಮಾ ಇದ್ದ ಮಗುವಿಗೆ ಹೃದಯದ ತೊಂದರೆಯ ಕಾರಣ ಪ್ರೊಪ್ರನೊಲಾಲ್ ನೀಡಲಾಯಿತು. ರಕ್ತದೊತ್ತಡ ಮತ್ತು ಹೃದ್ರೋಗಕ್ಕೆ ದಶಕಗಳಿಂದ ಬಳಸುತ್ತಿದ್ದ ಅಗ್ಗದ ಮಾತ್ರೆಯದು. ಮರುದಿನವೇ ಗಡ್ಡೆಯ ಬಣ್ಣ ತಿಳಿಯಾಗಿ ಮೆತ್ತಗಾಗಿದ್ದನ್ನು ವೈದ್ಯೆ ಕ್ರಿಸ್ಟೀನ್ ಲೆಯೋಟೆ ಲಾಬ್ರೆಜ್ ಮತ್ತು ಸಹೋದ್ಯೋಗಿಗಳು ಗಮನಿಸಿದರು. 2008ರಲ್ಲಿ ಅವರ ವರದಿ ಪ್ರಕಟವಾದ ಬಳಿಕ ಜಗತ್ತಿನಾದ್ಯಂತ ಚಿಕಿತ್ಸಾ ಕ್ರಮವೇ ಬದಲಾಯಿತು. ಭಾರತದಲ್ಲೂ ಈ ಚಿಕಿತ್ಸೆ ಲಭ್ಯ. ಆದರೆ ಮಗುವಿನ ರಕ್ತದ ಸಕ್ಕರೆ ಹಾಗೂ ಹೃದಯ ಬಡಿತದ ಮೇಲೆ ಪರಿಣಾಮ ಬೀರುವ ಔಷಧವಾದ್ದರಿಂದ ತಜ್ಞರ ನಿಗಾದಲ್ಲೇ ಕೊಡಬೇಕು. ಬೆಳವಣಿಗೆಯ ಹಂತ ಮುಗಿದ ಮೇಲೆ ತಂದರೆ ಫಲ ಕಡಿಮೆ.

ಪೋರ್ಟ್ ವೈನ್ ಕಲೆ ಇದಕ್ಕೆ ತದ್ವಿರುದ್ಧ. ಹುಟ್ಟಿದಾಗಲೇ ಚಪ್ಪಟೆಯಾಗಿ ಇರುತ್ತದೆ, ಎಂದೂ ತಾನಾಗಿ ಹೋಗುವುದಿಲ್ಲ, ವಯಸ್ಸಾದಂತೆ ಬಣ್ಣ ಗಾಢವಾಗುತ್ತದೆ. ಸೋವಿಯತ್ ಒಕ್ಕೂಟದ ಕೊನೆಯ ನಾಯಕ, 2022ರಲ್ಲಿ ನಿಧನರಾದ ಮಿಖಾಯಿಲ್ ಗೋರ್ಬಚೇವ್ ಅವರ ನೆತ್ತಿಯ ಮೇಲಿನ ಕೆಂಪು ಗುರುತು ಜಗತ್ತಿಗೆಲ್ಲ ಪರಿಚಿತ. ಸಾವಿರ ಶಿಶುಗಳಲ್ಲಿ ಸುಮಾರು ಮೂವರಿಗೆ ಇದು ಇರುತ್ತದೆ. ಕಾರಣವಾದ ವಂಶವಾಹಿ ಬದಲಾವಣೆ ಪತ್ತೆಯಾದದ್ದು 2013ರಲ್ಲಿ. ಹಣೆ ಮತ್ತು ಮೇಲ್ರೆಪ್ಪೆಯನ್ನು ಆವರಿಸಿದ್ದರೆ ಮಿದುಳು ಮತ್ತು ಕಣ್ಣಿನ ರಕ್ತನಾಳಗಳಲ್ಲೂ ದೋಷವಿದ್ದು ಮೂರ್ಛೆರೋಗ, ಗ್ಲಾಕೋಮಾ ಬರುವ ಸಂಭವವಿದೆ. ಹೀಗಾಗಿ ಇದನ್ನು ಬರೀ ಸೌಂದರ್ಯದ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. ಲೇಸರ್ ಚಿಕಿತ್ಸೆಯನ್ನು ಶೈಶವದಲ್ಲೇ ಆರಂಭಿಸಿದರೆ ಪರಿಣಾಮ ಉತ್ತಮ; ಹಲವು ಸುತ್ತು ಬೇಕಾಗುತ್ತವೆ, ಪೂರ್ಣ ಅಳಿಯುತ್ತದೆ ಎಂಬ ಭರವಸೆ ಇಲ್ಲ.

ಹಾಲು ಬೆರೆತ ಕಾಫಿಯ ಬಣ್ಣದ ಚಪ್ಪಟೆ ಕಲೆಗಳ ಬಗ್ಗೆಯೂ ಒಂದು ಮಾತು. ಒಂದೋ ಎರಡೋ ಇದ್ದರೆ ಚಿಂತೆಯಿಲ್ಲ. ಪ್ರೌಢಾವಸ್ಥೆಗೆ ಮುನ್ನ 5 ಮಿಲಿಮೀಟರ್‌ಗಿಂತ ದೊಡ್ಡದಾದ ಆರು ಅಥವಾ ಹೆಚ್ಚು ಕಲೆಗಳಿದ್ದರೆ ನ್ಯೂರೊಫೈಬ್ರೊಮಾಟೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಸುಳಿವಾಗಿರಬಹುದು. ಇನ್ನು, ಹುಟ್ಟಿನಿಂದಲೇ ಬೆನ್ನನ್ನೋ ಹೊಟ್ಟೆಯನ್ನೋ ಆವರಿಸಿ, ಕೂದಲು ಬೆಳೆದಿರುವ ಬೃಹತ್ ಕಪ್ಪು ಮಚ್ಚೆಗಳು ಬಹಳ ಅಪರೂಪ. ಇವುಗಳಲ್ಲಿ ಕ್ಯಾನ್ಸರ್ ಸಂಭವ ಸಾಮಾನ್ಯ ಮಚ್ಚೆಗಿಂತ ಹೆಚ್ಚಾದ್ದರಿಂದ ಜೀವನವಿಡೀ ತಪಾಸಣೆ ಬೇಕು.

ಅಂಗಾಲಿನ ಕಪ್ಪು ಚುಕ್ಕೆ

ಮೆಲನೊಸೈಟ್ ಕೋಶಗಳು ಅಂಕೆ ಮೀರಿ ಬೆಳೆದಾಗ ಉಂಟಾಗುವ ಕ್ಯಾನ್ಸರ್ ಮೆಲನೋಮಾ. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 30ಕ್ಕೂ ಹೆಚ್ಚು ಮಂದಿಗೆ ತಗಲುವ ಈ ರೋಗ ಭಾರತದಲ್ಲಿ ಲಕ್ಷಕ್ಕೆ ಒಬ್ಬರಿಗಿಂತಲೂ ಕಡಿಮೆ. ಕಂದು ಚರ್ಮದ ಮೆಲನಿನ್ ಬಿಸಿಲಿನ ಅತಿನೇರಳೆ ಕಿರಣಗಳಿಂದ ರಕ್ಷಣೆ ನೀಡುವುದು ಇದಕ್ಕೆ ಮುಖ್ಯ ಕಾರಣ. ಆದರೆ ಬಿಸಿಲಿಗೆ ಹೆಚ್ಚಾಗಿ ಸಂಬಂಧವೇ ಇಲ್ಲದ ಒಂದು ಬಗೆಯ ಮೆಲನೋಮಾ ಇದೆ. ಅದು ಅಂಗಾಲು, ಅಂಗೈ ಮತ್ತು ಉಗುರಿನ ಅಡಿಯಲ್ಲಿ ಬರುತ್ತದೆ. ಬಿಳಿಯರ ಮೆಲನೋಮಾಗಳಲ್ಲಿ ಇದರ ಪಾಲು ಅತ್ಯಲ್ಪ. ಏಷ್ಯಾ ಮತ್ತು ಆಫ್ರಿಕಾ ಮೂಲದವರಲ್ಲಿ ದೊಡ್ಡದು.

ಜಮೈಕಾದ ಗಾಯಕ ಬಾಬ್ ಮಾರ್ಲಿ ಬಲಿಯಾದದ್ದು ಇದಕ್ಕೇ. ಕಾಲ್ಬೆರಳಿನ ಉಗುರಿನಡಿಯ ಕಪ್ಪನ್ನು ಮೊದಲು ಫುಟ್‌ಬಾಲ್ ಆಟದ ಗಾಯವೆಂದು ಭಾವಿಸಲಾಗಿತ್ತು. 1977ರಲ್ಲಿ ಮೆಲನೋಮಾ ಎಂದು ಖಚಿತವಾಯಿತು. ಬೆರಳನ್ನು ಕತ್ತರಿಸುವ ಸಲಹೆಯನ್ನು ಅವರು ಒಪ್ಪಲಿಲ್ಲ. 1981ರ ಮೇ 11ರಂದು ನಿಧನರಾದಾಗ ವಯಸ್ಸು 36.

ನಮ್ಮಲ್ಲಿಯೂ ಅಂಗಾಲಿನ ಮೆಲನೋಮಾ ಆಣಿ ಎಂದೋ, ಮುಳ್ಳು ಚುಚ್ಚಿದ ಗಾಯವೆಂದೋ, ಸಕ್ಕರೆ ಕಾಯಿಲೆಯ ಹುಣ್ಣೆಂದೋ ತಪ್ಪು ಗ್ರಹಿಕೆಗೆ ಒಳಗಾಗುತ್ತದೆ. ಬರಿಗಾಲಲ್ಲಿ ಹೊಲ ಗದ್ದೆಗಳಲ್ಲಿ ನಡೆಯುವವರಿಗೆ ಕಾಲಿನ ಗಾಯ ಹೊಸತೂ ಅಲ್ಲ. ನೋವಿಲ್ಲದಿದ್ದರೆ ಗಮನವೂ ಹರಿಯದು. ರೋಗ ಕಂಡುಹಿಡಿಯುವ ಹೊತ್ತಿಗೆ ತೊಡೆಸಂದಿನ ದುಗ್ಧಗ್ರಂಥಿಗಳಿಗೆ ಹರಡಿರುವುದುಂಟು. ರೋಗ ಅಪರೂಪವೆಂಬ ಸಮಾಧಾನವೇ ಇಲ್ಲಿ ಮುಳುವಾಗುತ್ತದೆ. ಚರ್ಮದಲ್ಲಿ ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆಳ 1 ಮಿಲಿಮೀಟರ್‌ಗಿಂತ ಕಡಿಮೆ ಇರುವಾಗಲೇ ಶಸ್ತ್ರಚಿಕಿತ್ಸೆ ಆದಲ್ಲಿ ಬಹುತೇಕ ರೋಗಿಗಳು ಗುಣಮುಖರಾಗುತ್ತಾರೆ.

ಎಚ್ಚರಿಕೆಯ ಲಕ್ಷಣಗಳನ್ನು ನೆನಪಿಡಲು ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯರು 1985ರಲ್ಲಿ ರೂಪಿಸಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಮಚ್ಚೆಯ ಎರಡು ಅರ್ಧಗಳು ಹೊಂದದಿರುವುದು, ಅಂಚು ಮೊರಮೊರನಾಗಿರುವುದು, ಒಂದಕ್ಕಿಂತ ಹೆಚ್ಚು ಬಣ್ಣಗಳಿರುವುದು, 6 ಮಿಲಿಮೀಟರ್‌ಗಿಂತ ದೊಡ್ಡದಾಗಿರುವುದು ಎಂಬ ನಾಲ್ಕು ಲಕ್ಷಣಗಳಿಗೆ ಕಾಲಕ್ರಮೇಣ ಬದಲಾಗುತ್ತಿರುವುದು ಎಂಬ ಐದನೆಯದು 2004ರಲ್ಲಿ ಸೇರಿತು. ಐದರಲ್ಲಿ ಕೊನೆಯದೇ ಹೆಚ್ಚು ಬೆಲೆಯುಳ್ಳದ್ದು. ಮೈಮೇಲಿನ ಇತರ ಎಲ್ಲ ಮಚ್ಚೆಗಳಿಗಿಂತ ಒಂದು ಮಾತ್ರ ಭಿನ್ನವಾಗಿ ಕಾಣುತ್ತಿದ್ದರೆ ಅದನ್ನೂ ತೋರಿಸಬೇಕು. ಮೂರನೇ ಎರಡಕ್ಕಿಂತ ಹೆಚ್ಚು ಮೆಲನೋಮಾಗಳು ಹಳೆಯ ಮಚ್ಚೆಯಿಂದಲ್ಲದೆ ಖಾಲಿ ಚರ್ಮದಲ್ಲಿ ಹೊಸದಾಗಿ ಹುಟ್ಟುತ್ತವೆ. ಆದ್ದರಿಂದ ನಡುವಯಸ್ಸಿನ ಬಳಿಕ ಅಂಗಾಲಿನಲ್ಲಿ ಕಂಡ ಹೊಸ ಕಪ್ಪು ಚುಕ್ಕೆ ಬಾಲ್ಯದಿಂದ ಕೆನ್ನೆಯಲ್ಲಿರುವ ಮಚ್ಚೆಗಿಂತ ಹೆಚ್ಚು ಗಮನಕ್ಕೆ ಅರ್ಹ.

ಉಗುರುಗಳಲ್ಲಿ ಉದ್ದುದ್ದ ಕಪ್ಪು ಗೆರೆಗಳಿರುವುದು ಕಂದು ಚರ್ಮದವರಲ್ಲಿ ಸಾಮಾನ್ಯ. ಹಲವು ಉಗುರುಗಳಲ್ಲಿ ಒಂದೇ ತೆರನಾಗಿದ್ದರೆ ಗಾಬರಿ ಬೇಡ. ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ, ದಿನೇ ದಿನೇ ಅಗಲವಾಗುತ್ತ, ಕಪ್ಪು ಬಣ್ಣ ಉಗುರಿನ ಬುಡದ ಚರ್ಮಕ್ಕೂ ಹಬ್ಬಿದ್ದರೆ ತಡಮಾಡಬಾರದು.

ತೆಗೆಸುವ ಮುನ್ನ

ಸಾಮಾನ್ಯ ಮಚ್ಚೆಯನ್ನು ತೆಗೆಸಲೇಬೇಕೆಂಬ ವೈದ್ಯಕೀಯ ಅಗತ್ಯವಿಲ್ಲ. ಬಟ್ಟೆಗೋ ಕ್ಷೌರದ ಬ್ಲೇಡಿಗೋ ತಾಗಿ ಕಿರಿಕಿರಿ ಮಾಡುವುದನ್ನು ಅಥವಾ ಅಂದಕ್ಕೆ ಅಡ್ಡಿಯೆನಿಸಿದ್ದನ್ನು ತೆಗೆಸಿಕೊಳ್ಳಬಹುದು. ತೊಂದರೆ ಇರುವುದು ತೆಗೆಯುವ ವಿಧಾನದಲ್ಲಿ. ಕುದುರೆಯ ಬಾಲದ ಕೂದಲಿನಿಂದ ಬಿಗಿಯುವುದು, ಸುಣ್ಣಕ್ಕೆ ಸೋಡಾ ಬೆರೆಸಿ ಹಚ್ಚುವುದು, ಆಸಿಡ್ ಮುಟ್ಟಿಸುವುದು ಇವೆಲ್ಲ ಹಳೆಯ ಕ್ರಮಗಳು. ಬ್ಯೂಟಿ ಪಾರ್ಲರ್‌ಗಳಲ್ಲಿ ಸುಡುವ ಯಂತ್ರ, ಅಂತರಜಾಲದಲ್ಲಿ ಮಾರುವ ಮುಲಾಮು ಮತ್ತು ಪೆನ್ನುಗಳು ಹೊಸವು. ಮಚ್ಚೆ ತೆಗೆಯಲು ವೈದ್ಯರ ಚೀಟಿಯಿಲ್ಲದೆ ಮಾರುವ ಯಾವ ಉತ್ಪನ್ನಕ್ಕೂ ತಾನು ಅನುಮತಿ ನೀಡಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಎಚ್ಚರಿಸಿತು. ಸುಟ್ಟ ಗಾಯ, ಸೋಂಕು, ಉಬ್ಬಿದ ಕಲೆ ಇವುಗಳಿಗಿಂತ ದೊಡ್ಡ ಅಪಾಯ ಬೇರೆಯಿದೆ. ಸುಟ್ಟುಹೋದ ಮಚ್ಚೆಯನ್ನು ಪರೀಕ್ಷಿಸಲು ಬರುವುದಿಲ್ಲ. ಅದು ಕ್ಯಾನ್ಸರ್ ಆಗಿದ್ದಲ್ಲಿ ಮೇಲ್ಭಾಗ ಮಾತ್ರ ಹೋಗಿ, ಬೇರು ಉಳಿದು, ಸಾಕ್ಷ್ಯವೂ ಇಲ್ಲದಂತಾಗುತ್ತದೆ. ಇದೇ ಕಾರಣಕ್ಕೆ ಅನುಮಾನಾಸ್ಪದ ಮಚ್ಚೆಗೆ ಲೇಸರ್ ಬಳಸುವುದನ್ನೂ ತಜ್ಞರು ಒಪ್ಪುವುದಿಲ್ಲ.

ಸಂಶಯವಿರುವ ಮಚ್ಚೆಯನ್ನು ಚರ್ಮರೋಗ ತಜ್ಞರು ಮೊದಲು ಡರ್ಮೊಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿಯಿಂದ ನೋಡುತ್ತಾರೆ. ಇದಕ್ಕೆ ಚುಚ್ಚುವುದೂ ಇಲ್ಲ, ಕೊಯ್ಯುವುದೂ ಇಲ್ಲ. ಅಗತ್ಯವೆನಿಸಿದರೆ ಆ ಭಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು ಮಚ್ಚೆಯನ್ನು ಇಡಿಯಾಗಿ ಕತ್ತರಿಸಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಕೆರಳಿ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ಹೊರರೋಗಿ ವಿಭಾಗಗಳಲ್ಲಿ ಈ ತಪಾಸಣೆ ಮಾಡಿಸಿಕೊಳ್ಳಬಹುದು. ಕ್ಯಾನ್ಸರ್ ಖಚಿತವಾದಲ್ಲಿ ಮುಂದಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಿದೆ. ಕತ್ತರಿಸಿದ ಮಚ್ಚೆಯನ್ನು ಪರೀಕ್ಷೆಗೆ ಕಳುಹಿಸಲಾಗಿದೆಯೇ ಎಂದು ಕೇಳಿ, ಪ್ರಯೋಗಾಲಯದ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವ ಹಕ್ಕು ರೋಗಿಗೆ ಇದೆ.